ರಜೆಯ ದಿನವೂ ಶಾಲೆ ತೆರೆದಿರಲಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯನಿಗೆ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಅವಸರದಲ್ಲಿ ಏನೋ ಒಂದು ಹೇಳಿ ಮಾತು ಮುಗಿಸಿಬಿಟ್ಟೆ. ಆಮೇಲೆ ಅದು ಮನಸ್ಸಿನಲ್ಲಿ ಕೊರೆಯುತ್ತಲೇ ಇದ್ದುದರಿಂದ ಈಗ ಕುಳಿತು ಬರೆಯುತ್ತಿದ್ದೇನೆ. ಸೆಪ್ಟೆಂಬರ್ 30ರಂದು ನಿಮ್ಮ ಬ್ರಿಟಿಷ್ ಕೊಲಂಬಿಯಾದಲ್ಲಿ ಶಾಲೆಗಳಿಗೆ ರಜೆ ಇರುವಾಗ ನಮ್ಮ ಒಂಟಾರಿಯೊದ ಮಕ್ಕಳು ಎಂದಿನಂತೆ ಚೀಲ ಹೊತ್ತು ತರಗತಿಗೆ ಹೋಗುತ್ತಾರೆ ಎಂಬುದನ್ನು ಕೇಳಿ ನಿನಗೆ ಆಶ್ಚರ್ಯವಾಯಿತು. ಕೆನಡಾದ ಮೂಲನಿವಾಸಿಗಳನ್ನು ಗೌರವಿಸುವ ದಿನಕ್ಕೆ ರಜೆಯನ್ನೇ ಕೊಡದಿದ್ದರೆ ಅದೆಂಥ ಗೌರವ ಎಂದು ನೀನು ಕೇಳಿದೆ. ಅಲ್ಲಿಯ ಸರ್ರೆ ನಗರಕ್ಕೆ ಬಂದು ನಿಮಗೆ ಇನ್ನೂ ವರ್ಷ ತುಂಬಿಲ್ಲ; ಆ ದಿನ ಮಕ್ಕಳನ್ನು ಎಲ್ಲಿಗಾದರೂ ಸುತ್ತಾಡಿಸಿಕೊಂಡು ಬರೋಣವೆಂದು ನೀನೂ ಅತ್ತಿಗೆಯೂ ಯೋಚಿಸುತ್ತಿದ್ದೀರಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ರಜೆ ಎಲ್ಲಿಂದ ಬಂತು ಎಂಬುದು ತಿಳಿದ ಮೇಲೆ ನಿನಗೂ ನಿನ್ನ ಪ್ರಶ್ನೆ ಬೇರೆಯದೇ ರೀತಿಯಲ್ಲಿ ಕಾಣಬಹುದು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ನನ್ನ ವಿಷಯದಲ್ಲಿ ಹಾಗೆಯೇ ಆಯಿತು.

ಈ ದಿನ ಸರ್ಕಾರದ ಕಚೇರಿಯಲ್ಲಿ ಹುಟ್ಟಿದ್ದಲ್ಲ. ನಿಮ್ಮ ಪ್ರಾಂತ್ಯದ ಒಳನಾಡಿನಲ್ಲಿ ವಿಲಿಯಮ್ಸ್ ಲೇಕ್ ಎಂಬ ಊರಿದೆ. ಅದರ ಸಮೀಪದಲ್ಲಿ ಸೇಂಟ್ ಜೋಸೆಫ್ಸ್ ಮಿಷನ್ ಎಂಬ ವಸತಿ ಶಾಲೆಯಿತ್ತು. ಸೆಕ್ವೆಪೆಮ್ಕ್ ಎಂಬ ಮೂಲನಿವಾಸಿ ಜನಾಂಗದ ಫಿಲಿಸ್ ವೆಬ್‌ಸ್ಟಡ್ ಅವರನ್ನು 1973ರಲ್ಲಿ, ಅವರಿಗೆ ಆಗಷ್ಟೇ ಆರು ವರ್ಷ ತುಂಬಿದ್ದಾಗ, ಆ ಶಾಲೆಗೆ ಕಳುಹಿಸಲಾಯಿತು. ಅವರನ್ನು ಸಾಕುತ್ತಿದ್ದ ಅಜ್ಜಿಯ ಕೈಯಲ್ಲಿ ದುಡ್ಡು ಹೆಚ್ಚಿರಲಿಲ್ಲ. ಆದರೂ ಮೊಮ್ಮಗಳು ಮೊದಲ ಸಲ ಶಾಲೆಗೆ ಹೋಗುತ್ತಾಳೆಂದು ಪೇಟೆಗೆ ಕರೆದೊಯ್ದು ಹೊಸ ಬಟ್ಟೆ ಕೊಡಿಸಿದರು. ಹುಡುಗಿ ತಾನೇ ಆರಿಸಿಕೊಂಡದ್ದು ಎದೆಯ ಮೇಲೆ ದಾರ ಪೋಣಿಸಿದ, ಹೊಳೆಯುವ ಕಿತ್ತಳೆ ಬಣ್ಣದ ಅಂಗಿ. ಶಾಲೆಯನ್ನು ತಲುಪಿದ ಕೂಡಲೇ ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿಸಿದರು, ಆ ಅಂಗಿಯನ್ನೂ ಕಿತ್ತುಕೊಂಡರು. ಅದು ಮತ್ತೆ ಅವರ ಕೈ ಸೇರಲಿಲ್ಲ. ಆ ಬಣ್ಣವನ್ನು ಕಂಡಾಗಲೆಲ್ಲ ತಾನು ಯಾವ ಲೆಕ್ಕಕ್ಕೂ ಇಲ್ಲದವಳು ಎಂಬ ಭಾವನೆ ಮರುಕಳಿಸುತ್ತಿತ್ತು ಎಂದು ಅವರು ಹೇಳಿಕೊಂಡಿದ್ದಾರೆ. 2013ರಲ್ಲಿ, ಅದೇ ಶಾಲೆಯಲ್ಲಿ ಓದಿದವರು ಸೇರಿದ್ದ ಒಂದು ಸ್ಮರಣೆಯ ಕಾರ್ಯಕ್ರಮದಲ್ಲಿ, ಅವರು ಈ ಸಂಗತಿಯನ್ನು ಬಾಯಿಬಿಟ್ಟು ಹೇಳಿದರು. ಆ ವರ್ಷದಿಂದಲೇ ಸೆಪ್ಟೆಂಬರ್ 30 ಕಿತ್ತಳೆ ಅಂಗಿಯ ದಿನವಾಯಿತು. ಈಗ ನಿನ್ನ ಮಗಳ ಶಾಲೆಯಿಂದ ಬಂದ ಚೀಟಿಯಲ್ಲಿ ಕಿತ್ತಳೆ ಅಂಗಿ ಹಾಕಿಸಿ ಕಳುಹಿಸಿರಿ ಎಂದು ಬರೆದಿರುವುದರ ಮೂಲ ಇದು.

ತಿಂಗಳನ್ನು ಆರಿಸಿಕೊಂಡದ್ದಕ್ಕೂ ಕಾರಣವಿದೆ. ಮಕ್ಕಳನ್ನು ಮನೆಗಳಿಂದ ಒಯ್ಯುತ್ತಿದ್ದುದು ಈ ಋತುವಿನಲ್ಲಿಯೇ. ಮರಗಳ ಎಲೆ ಬಣ್ಣಕ್ಕೆ ತಿರುಗುವ ಹೊತ್ತಿಗೆ ಹಳ್ಳಿಗಳು ಮಕ್ಕಳಿಲ್ಲದೆ ಬರಿದಾಗುತ್ತಿದ್ದವು. ಜೊತೆಗೆ, ಶಾಲೆಯ ವರ್ಷ ಆಗಷ್ಟೇ ಆರಂಭವಾಗಿರುವುದರಿಂದ, ಒಬ್ಬರನ್ನೊಬ್ಬರು ಹೀಯಾಳಿಸಬಾರದು, ಹಿಂಸಿಸಬಾರದು ಎಂಬ ಮಾತನ್ನು ಮಕ್ಕಳಿಗೆ ಹೇಳುವುದಕ್ಕೂ ಅದು ತಕ್ಕ ಸಮಯ ಎಂದು ಅದನ್ನು ಆರಂಭಿಸಿದವರು ಯೋಚಿಸಿದ್ದರು. ಅಂದರೆ ಈ ದಿನವನ್ನು ಕಲ್ಪಿಸಿಕೊಂಡವರ ಕಣ್ಣೆದುರಿಗೆ ಇದ್ದದ್ದು ಮಕ್ಕಳು ಕುಳಿತಿರುವ ತರಗತಿ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೋ. ಮುಂದೆ ಇದಕ್ಕೇ ಮರಳಿ ಬರುತ್ತೇನೆ.

‘ವಸತಿ ಶಾಲೆ’ ಎಂಬ ಮಾತು ಕನ್ನಡದ ಕಿವಿಗೆ ಹಿತವಾಗಿಯೇ ಕೇಳಿಸುತ್ತದೆ. ಬಡವರ ಮಕ್ಕಳಿಗೆ ಊಟ, ವಸತಿ, ಓದು ಒದಗಿಸುವ ವ್ಯವಸ್ಥೆ ಎಂದೇ ನಾವು ತಿಳಿಯುತ್ತೇವೆ, ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಆದ್ದರಿಂದ ಇಲ್ಲಿ ಅದರ ಅರ್ಥವನ್ನು ಬಿಡಿಸಿ ಹೇಳಲೇಬೇಕು. ಕೆನಡಾದ ಸರ್ಕಾರ ಹಣ ಕೊಟ್ಟು, ಚರ್ಚುಗಳ ಕೈಯಲ್ಲಿ ನಡೆಸಿದ ಈ ಶಾಲೆಗಳ ಉದ್ದೇಶ ಮಗುವನ್ನು ಅದರ ಮನೆ, ಭಾಷೆ, ನಂಬಿಕೆಗಳಿಂದ ಬೇರ್ಪಡಿಸಿ ಬೇರೆಯೇ ವ್ಯಕ್ತಿಯನ್ನಾಗಿ ಮಾಡುವುದಾಗಿತ್ತು. ಬಂದ ದಿನವೇ ಕೂದಲು ಕತ್ತರಿಸುತ್ತಿದ್ದರು, ತಾಯ್ನುಡಿಯಲ್ಲಿ ಮಾತನಾಡಿದರೆ ಶಿಕ್ಷಿಸುತ್ತಿದ್ದರು. 1920ರಲ್ಲಿ ಮೂಲನಿವಾಸಿಗಳ ಕುರಿತ ಕಾಯ್ದೆಯನ್ನು ತಿದ್ದಿ ಹಾಜರಾತಿಯನ್ನು ಕಡ್ಡಾಯಗೊಳಿಸಿದ ಮೇಲೆ, ಮಗುವನ್ನು ಕಳುಹಿಸುವುದಿಲ್ಲ ಎಂದು ಹೇಳುವ ಹಕ್ಕೂ ತಂದೆತಾಯಿಗಳಿಗೆ ಉಳಿಯಲಿಲ್ಲ. ಒಟ್ಟು ಸುಮಾರು 1,50,000 ಮಕ್ಕಳು ಈ ಶಾಲೆಗಳಲ್ಲಿ ಇದ್ದರು. ಅಲ್ಲಿಯ ಸಾವುಗಳ ಬಗ್ಗೆ ಸರ್ಕಾರದ ವೈದ್ಯಾಧಿಕಾರಿ ಪೀಟರ್ ಬ್ರೈಸ್ 1907ರಲ್ಲಿಯೇ ವರದಿ ಕೊಟ್ಟಿದ್ದರು. ಕ್ಷಯರೋಗ ಹರಡುತ್ತಿರುವುದನ್ನೂ ಕೊಠಡಿಗಳಲ್ಲಿ ಗಾಳಿಯಾಡದಿರುವುದನ್ನೂ ಬರೆದಿದ್ದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. ಸತ್ತ ಮಕ್ಕಳ ಹೆಸರುಗಳನ್ನು ಈಗ ವಿನಿಪೆಗ್‌ನಲ್ಲಿರುವ ರಾಷ್ಟ್ರೀಯ ಸತ್ಯ ಮತ್ತು ಸಾಮರಸ್ಯ ಕೇಂದ್ರ ಒಂದೊಂದಾಗಿ ಹುಡುಕಿ ದಾಖಲಿಸುತ್ತಿದೆ. ಈವರೆಗೆ 4,000ಕ್ಕೂ ಹೆಚ್ಚು ಹೆಸರುಗಳು ಸೇರಿವೆ. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದ ಉತ್ತರಾರ್ಧದಲ್ಲಿ, ಅಂದರೆ ನೀನೂ ನಾನೂ ಒಂದೇ ಬೆಂಚಿನಲ್ಲಿ ಕುಳಿತು ಓದುತ್ತಿದ್ದ ಕಾಲದಲ್ಲಿ. ಈ ಲೆಕ್ಕ ಹಾಕಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇನ್ನು ರಜೆಯ ವಿಷಯ. 2008ರಲ್ಲಿ ರಚನೆಯಾದ ಸತ್ಯ ಮತ್ತು ಸಾಮರಸ್ಯ ಆಯೋಗ, ನ್ಯಾಯಾಧೀಶ ಮರ್ರಿ ಸಿಂಕ್ಲೇರ್ ಅವರ ಅಧ್ಯಕ್ಷತೆಯಲ್ಲಿ, ದೇಶದ ಉದ್ದಗಲಕ್ಕೂ ಸಂಚರಿಸಿ ಆ ಶಾಲೆಗಳಿಂದ ಬದುಕಿ ಬಂದವರ ಮಾತುಗಳನ್ನು ಕೇಳಿಸಿಕೊಂಡು 2015ರಲ್ಲಿ 94 ಕರೆಗಳನ್ನು, ಅಂದರೆ ಆಗಬೇಕಾದ ಕೆಲಸಗಳ ಪಟ್ಟಿಯನ್ನು, ಮುಂದಿಟ್ಟಿತು. (ಇಂಗ್ಲಿಷಿನ ‘ರಿಕನ್ಸಿಲಿಯೇಶನ್’ ಎಂಬ ಪದಕ್ಕೆ ‘ಸಾಮರಸ್ಯ’ ಎಂಬುದು ಸಮಾಧಾನಕರವಾದ ಅನುವಾದವಲ್ಲ, ‘ರಾಜಿ’ ಎಂಬುದು ಅದಕ್ಕಿಂತಲೂ ಕೆಟ್ಟದ್ದು, ರಾಜಿ ಎಂದರೆ ಎರಡು ಕಡೆಯವರೂ ಅಷ್ಟಿಷ್ಟು ಬಿಟ್ಟುಕೊಡಬೇಕು, ಇಲ್ಲಿ ಒಂದು ಕಡೆಯವರ ಬಳಿ ಬಿಟ್ಟುಕೊಡಲು ಉಳಿದಿರುವುದೇ ಕಡಿಮೆ.) ಆ ಕರೆಗಳಲ್ಲಿ 80ನೆಯದು ಇಂಥದೊಂದು ದಿನವನ್ನು ಶಾಸನಬದ್ಧ ರಜೆಯಾಗಿ ಘೋಷಿಸಬೇಕೆಂದು ಕೇಂದ್ರ ಸರ್ಕಾರವನ್ನು ಕೇಳಿತ್ತು. ಆರು ವರ್ಷ ಅದು ಕಾಗದದಲ್ಲಿಯೇ ಉಳಿಯಿತು. 2021ರ ಮೇ ಕೊನೆಯಲ್ಲಿ, ನಿಮ್ಮ ಪ್ರಾಂತ್ಯದ ಕ್ಯಾಮ್‌ಲೂಪ್ಸ್‌ನ ಹಳೆಯ ವಸತಿ ಶಾಲೆಯ ಆವರಣದಲ್ಲಿ ರೇಡಾರ್ ಹಿಡಿದು ನೆಲವನ್ನು ಪರೀಕ್ಷಿಸಿದಾಗ ಗುರುತಿಲ್ಲದ ಸಮಾಧಿಗಳಿರಬಹುದಾದ ಸುಮಾರು 200 ಜಾಗಗಳ ಸುಳಿವು ಸಿಕ್ಕಿದ ಸುದ್ದಿ ಬಂತು. ಅದಾದ ಒಂದು ವಾರದಲ್ಲಿ, ಜೂನ್ 3ರಂದು, ಈ ರಜೆಯ ಮಸೂದೆಗೆ ಅಂಕಿತ ಬಿತ್ತು. ಆ ವರ್ಷದ ಸೆಪ್ಟೆಂಬರ್ 30ರಂದೇ ಮೊದಲ ಸಲ ‘ಸತ್ಯ ಮತ್ತು ಸಾಮರಸ್ಯಕ್ಕಾಗಿ ರಾಷ್ಟ್ರೀಯ ದಿನ’ವನ್ನು ಆಚರಿಸಿದರು. ಆದರೆ ಆ ಕಾನೂನು ಕೇಂದ್ರದ ಅಧೀನದಲ್ಲಿರುವ ಕಚೇರಿ, ಬ್ಯಾಂಕು, ಅಂಚೆಯಂಥ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ಶಿಕ್ಷಣ ಪ್ರಾಂತ್ಯಗಳಿಗೆ ಸೇರಿದ್ದು. ನಿಮ್ಮ ಪ್ರಾಂತ್ಯ 2023ರಲ್ಲಿ ಅದನ್ನು ತನ್ನ ರಜೆಗಳ ಪಟ್ಟಿಗೆ ಸೇರಿಸಿಕೊಂಡಿತು, ನಮ್ಮದು ಸೇರಿಸಿಕೊಳ್ಳಲಿಲ್ಲ. ನಿನ್ನ ‘ಹೀಗೇಕೆ’ ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಇಷ್ಟೇ.

ಆದರೆ ನೀನು ನಿಜವಾಗಿ ಕೇಳಿದ್ದು ಗೌರವದ ಬಗ್ಗೆ. ಅದಕ್ಕೆ ನನ್ನ ಉತ್ತರವನ್ನು ನೇರವಾಗಿ ಹೇಳಿಬಿಡುತ್ತೇನೆ: ದೊಡ್ಡವರಿಗೆ ಆ ದಿನ ರಜೆ ಇರಲಿ, ಇರಲೇಬೇಕು, ಆದರೆ ಶಾಲೆ ಮಾತ್ರ ತೆರೆದಿರಲಿ. ಯಾವ ಸಂಸ್ಥೆಯ ಮೂಲಕ ಮಕ್ಕಳನ್ನು ಅವರ ಜನರಿಂದ ಕಿತ್ತುಕೊಳ್ಳಲಾಯಿತೋ ಆ ಸಂಸ್ಥೆಯ ಹೆಸರು ಶಾಲೆ. ಆದ ಅನ್ಯಾಯವನ್ನು ಒಪ್ಪಿಕೊಂಡು ಹೇಳುವ ಮೊದಲ ಹೊಣೆಯೂ ಶಾಲೆಯದೇ. ಆ ಒಂದು ದಿನ ಅದು ಬಾಗಿಲು ಹಾಕಿಕೊಂಡರೆ, ಹೇಳುವ ಕೆಲಸ ಮನೆಗಳ ಪಾಲಿಗೆ ಬೀಳುತ್ತದೆ. ನಮ್ಮಂಥ ವಲಸೆ ಬಂದವರ ಮನೆಗಳಲ್ಲಿ ಹೇಳುವುದಕ್ಕೆ ಏನಿದೆ? ನಮಗೇ ಗೊತ್ತಿಲ್ಲದ್ದನ್ನು ನಾವು ಮಕ್ಕಳಿಗೆ ಹೇಗೆ ಹೇಳಿಯೇವು? ಆಯೋಗದ 62ನೆಯ ಕರೆ ಈ ಅಪಾಯವನ್ನು ಬಲ್ಲದ್ದೇ ಆಗಿತ್ತು. ಶಿಶುವಿಹಾರದಿಂದ ಹನ್ನೆರಡನೆಯ ತರಗತಿಯವರೆಗೆ ವಸತಿ ಶಾಲೆಗಳ, ಮೂಲನಿವಾಸಿಗಳೊಂದಿಗೆ ಮಾಡಿಕೊಂಡ ಒಪ್ಪಂದಗಳ ಮತ್ತು ಅವರು ನಾಡಿಗೆ ಕೊಟ್ಟ ಕೊಡುಗೆಯ ಪಾಠ ಎಲ್ಲ ಮಕ್ಕಳಿಗೂ ಕಡ್ಡಾಯವಾಗಿರಬೇಕು ಎಂದು ಅದು ಕೇಳಿತ್ತು. ರಜೆಯ ಕರೆಯನ್ನು ಪಾಠದ ಕರೆಯಿಂದ ಬೇರ್ಪಡಿಸಿ ಓದಿದರೆ ಉಳಿಯುವುದು ದಿನಸೂಚಿಯಲ್ಲಿ ಒಂದು ಕೆಂಪು ಅಂಕಿ ಅಷ್ಟೇ.

ಶಾಲೆ ತೆರೆದಿದ್ದ ಮಾತ್ರಕ್ಕೆ ಪಾಠ ನಡೆಯುತ್ತದೆ ಎಂದೂ ನಾನು ಹೇಳಲಾರೆ. ನನ್ನ ಮಗಳು ಎರಡನೆಯ ತರಗತಿಯಲ್ಲಿದ್ದಾಗ ಆ ದಿನ ಅಂಗಿಯ ಆಕಾರದಲ್ಲಿ ಕತ್ತರಿಸಿದ ಕಾಗದವನ್ನು ಕೊಟ್ಟು ಕಿತ್ತಳೆ ಬಣ್ಣ ತುಂಬಿಸಿ ಕಳುಹಿಸಿದರು. ಯಾರ ಅಂಗಿ ಎಂದು ನಾನು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ನನಗೂ ಅಂದು ಅಷ್ಟಾಗಿ ಗೊತ್ತಿರಲಿಲ್ಲ, ತಿಳಿದುಕೊಳ್ಳಲು ಶ್ರಮವನ್ನೂ ಪಡಲಿಲ್ಲ. ಚಿತ್ರ ಚೆನ್ನಾಗಿದೆ ಎಂದು ಹೇಳಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಬೆಳಿಗ್ಗೆ ರಾಷ್ಟ್ರಗೀತೆಗೆ ಮುಂಚೆ ಧ್ವನಿವರ್ಧಕದಲ್ಲಿ ಓದುವ, ‘ನಾವು ನಿಂತಿರುವ ಈ ನೆಲ ಇಂಥ ಜನರದು’ ಎಂಬ ಹೇಳಿಕೆಯನ್ನು ಅವಳು ಬಾಯಿಪಾಠ ಮಾಡಿಕೊಂಡಿದ್ದಳು. ಅರ್ಥ ಕೇಳಿದರೆ ಅದು ದಿನವೂ ಹೇಳುವುದು ಎನ್ನುತ್ತಿದ್ದಳು.

ಎರಡು ವರ್ಷಗಳ ಮೇಲೆ ಬೇರೊಬ್ಬ ಶಿಕ್ಷಕಿ ಬಂದರು. ಅವರು ಅಂಗಿಯ ಚಿತ್ರವನ್ನು ಕೊಡಲಿಲ್ಲ. ಒಂಟಾರಿಯೊದ ಒಪ್ಪಂದಗಳ ನಕ್ಷೆಯನ್ನು ಗೋಡೆಗೆ ಹಾಕಿ, ನಿಮ್ಮ ಮನೆ ಇದರಲ್ಲಿ ಎಲ್ಲಿದೆ, ಆ ಜಾಗದ ಮೇಲೆ ಯಾವ ವರ್ಷ ಬರೆದಿದೆ, ಅದಕ್ಕೆ ಮುಂಚೆ ಅಲ್ಲಿ ಯಾರಿದ್ದರು ಎಂದು ಮಕ್ಕಳನ್ನು ಕೇಳಿದರು. ಮಗಳು ಅಂದು ಸಂಜೆ ಬಂದವಳೇ ಕೇಳಿದ ಪ್ರಶ್ನೆ ಇದು: “ಅಪ್ಪಾ, ಮಿಸಿಸಾಗಾ ಅಂದರೆ ಜನರಂತೆ, ಆ ಜನ ಈಗ ಎಲ್ಲಿದ್ದಾರೆ?” ಮಿಸಿಸಾಗಾ ಎಂಬ ಈ ಊರಿಗೆ ಬಂದು ಹನ್ನೊಂದು ವರ್ಷಗಳಾಗಿದ್ದವು; ಲಕೋಟೆಗಳ ಮೇಲೆ, ಅರ್ಜಿಗಳ ಮೇಲೆ ಆ ಹೆಸರನ್ನು ಎಷ್ಟು ಸಾವಿರ ಸಲ ಬರೆದಿದ್ದೆನೋ ಲೆಕ್ಕವಿಲ್ಲ. ಅದು ಒಂದು ಜನಾಂಗದ ಹೆಸರು, ಆ ಜನಾಂಗ ಇನ್ನೂ ಇದೆ ಎಂಬುದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅಪ್ಪ ಮಗಳು ಇಬ್ಬರೂ ಸೇರಿ ಓದಲು ಆರಂಭಿಸಿದೆವು. ನಮ್ಮ ಊರಿನ ಮಧ್ಯೆ ಹರಿಯುವ ಹೊಳೆಯ ಹೆಸರು ಕ್ರೆಡಿಟ್. ಫ್ರೆಂಚ್ ವ್ಯಾಪಾರಿಗಳು ಇಲ್ಲಿಯ ಜನರಿಗೆ ಮುಂಗಡವಾಗಿ ಸಾಮಾನು ಕೊಟ್ಟು, ಚಳಿಗಾಲ ಕಳೆದ ಮೇಲೆ ತುಪ್ಪಳದ ಚರ್ಮಗಳಲ್ಲಿ ಬಾಕಿ ತೀರಿಸಿಕೊಳ್ಳುತ್ತಿದ್ದರು. ಉದ್ರಿಯ ವ್ಯವಹಾರ ನಡೆದ ಹೊಳೆಯಾದ್ದರಿಂದ ಆ ಹೆಸರು. ಆ ಜನ ಮಾತ್ರ ಅದನ್ನು ನಂಬಿಕೆಯ ಹೊಳೆ ಎಂಬ ಅರ್ಥ ಬರುವಂತೆ ತಮ್ಮ ನುಡಿಯಲ್ಲಿ ಕರೆಯುತ್ತಿದ್ದರು. ಒಬ್ಬರಿಗೆ ಲೆಕ್ಕದ ಪುಸ್ತಕವಾಗಿ, ಇನ್ನೊಬ್ಬರಿಗೆ ಕೊಟ್ಟ ಮಾತಾಗಿ ಕಂಡ ಅದೇ ನೀರಿನ ದಂಡೆಯ ನೆಲ 1805ರಿಂದಾಚೆಗೆ ಒಂದಾದ ಮೇಲೊಂದು ಒಪ್ಪಂದದಲ್ಲಿ ಬ್ರಿಟಿಷರ ಕೈಗೆ ಹೋಯಿತು. ನಮ್ಮ ಮನೆಯಿರುವ ಭಾಗ 1818ರ ಅಜೆಟೆನ್ಸ್ ಒಪ್ಪಂದಕ್ಕೆ ಸೇರಿದ್ದು. ಒಪ್ಪಂದಕ್ಕೆ ಸಹಿ ಹಾಕಿದ ಮುಖಂಡನ ಹೆಸರೇ ಅದಕ್ಕೆ ಉಳಿದಿದೆ. ಕೊನೆಗೆ ಹೊಳೆಯ ದಡದ ತಮ್ಮ ಸಣ್ಣ ಹಳ್ಳಿಯಾದರೂ ತಮಗೇ ಇರಲೆಂದು, ಅದರ ಹಕ್ಕುಪತ್ರವನ್ನು ಕೇಳಲು, ಅವರ ನಾಯಕ ಪೀಟರ್ ಜೋನ್ಸ್, ತಾಯ್ನುಡಿಯಲ್ಲಿ ಕಾಕೆವಾಕೊನಾಬಿ, ಲಂಡನ್ನಿಗೆ ಹೋಗಿ 1838ರಲ್ಲಿ ವಿಕ್ಟೋರಿಯಾ ರಾಣಿಯ ಎದುರು ಅರ್ಜಿಯನ್ನಿಟ್ಟರು. ಆದರೂ ನೆಲೆ ಸಿಗದೆ 1847ರಲ್ಲಿ ಆ ಜನ ಹೊಳೆಯನ್ನು ಬಿಟ್ಟು ಹೊರಟರು. ಅವರನ್ನು ಕರೆದು ತಮ್ಮ ನೆಲದಲ್ಲಿ ಜಾಗ ಕೊಟ್ಟವರು ಸಿಕ್ಸ್ ನೇಷನ್ಸ್ ಎಂಬ ಇನ್ನೊಂದು ಮೂಲನಿವಾಸಿ ಒಕ್ಕೂಟದವರು. ಇಂದೂ ಅವರು ಹ್ಯಾಗರ್ಸ್‌ವಿಲ್ ಎಂಬ ಊರಿನ ಹತ್ತಿರ ಇದ್ದಾರೆ, ಬಿಟ್ಟು ಬಂದ ಹೊಳೆಯ ಹೆಸರನ್ನು ತಮ್ಮ ಹೆಸರಿನಲ್ಲಿ ಈಗಲೂ ಇಟ್ಟುಕೊಂಡಿದ್ದಾರೆ. 2010ರಲ್ಲಿ, ಟೊರಾಂಟೊ ನಿಂತಿರುವ ನೆಲದ ಹಳೆಯ ವ್ಯವಹಾರದಲ್ಲಿ ಆದ ಅನ್ಯಾಯಕ್ಕಾಗಿ ಹೂಡಿದ್ದ ಹಕ್ಕೊತ್ತಾಯದ ಪರಿಹಾರವಾಗಿ ಕೇಂದ್ರ ಸರ್ಕಾರ ಅವರಿಗೆ 14.5 ಕೋಟಿ ಡಾಲರ್ ಕೊಡಲು ಒಪ್ಪಿತು.

ಇಷ್ಟನ್ನೆಲ್ಲ ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಈ ದಿನದ ಬಗ್ಗೆ ನನಗಿರುವ ದೊಡ್ಡ ಅಳುಕು ಎಂದರೆ, ಮಕ್ಕಳ ಮನಸ್ಸಿನಲ್ಲಿ ಮೂಲನಿವಾಸಿಗಳು ಎಂದರೆ ಎಂದೋ ನೊಂದು ಅಳಿದುಹೋದ ಜನ ಎಂಬ ಚಿತ್ರ ಮಾತ್ರ ಉಳಿದುಬಿಡಬಹುದು ಎಂಬುದು. 2021ರ ಜನಗಣತಿಯ ಪ್ರಕಾರ ಕೆನಡಾದಲ್ಲಿ 18 ಲಕ್ಷ ಮಂದಿ ಮೂಲನಿವಾಸಿಗಳಿದ್ದಾರೆ, ನೂರಕ್ಕೆ ಐವರು. ಫಸ್ಟ್ ನೇಷನ್ಸ್, ಇನ್ಯೂಟ್, ಮೇಟಿ ಎಂದು ಸಂವಿಧಾನ ಗುರುತಿಸುವ ಮೂರು ಸಮುದಾಯಗಳು ಅವರವು, ಒಂದೊಂದರೊಳಗೂ ಹಲವು ನುಡಿಗಳು. ನೋವನ್ನು ನೆನೆಯುವ ಸೆಪ್ಟೆಂಬರ್ 30ರ ಜೊತೆಗೆ, 1996ರಿಂದ ಆಚರಿಸುತ್ತ ಬಂದಿರುವ ಜೂನ್ 21ರ ರಾಷ್ಟ್ರೀಯ ಮೂಲನಿವಾಸಿಗಳ ದಿನವೂ ಇದೆ. ಹಗಲು ಅತಿ ದೀರ್ಘವಾಗಿರುವ ಆ ದಿನ ಅವರ ಹಾಡು, ಕುಣಿತ, ಕಸುಬುಗಳ ಹಬ್ಬ. ಶಾಲೆಗಳು ಬೇಸಿಗೆ ರಜೆಯ ಹೊಸ್ತಿಲಲ್ಲಿರುವಾಗ ಬರುವುದರಿಂದಲೋ ಏನೋ, ಅದಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ. ಎರಡು ದಿನಗಳನ್ನೂ ಜೊತೆಯಾಗಿಟ್ಟು ಕಲಿಸಿದರೆ ಮಾತ್ರ ಮಗುವಿಗೆ ಪೂರ್ಣ ಮನುಷ್ಯರು ಕಾಣಿಸುತ್ತಾರೆ.

ನಿಮ್ಮ ಪ್ರಾಂತ್ಯದ ಬಗ್ಗೆ ನಾನು ಅನ್ಯಾಯವಾಗಿ ಮಾತನಾಡಬಾರದು. ಅಲ್ಲಿ ರಜೆಗೆ ಮುಂಚಿನ ದಿನಗಳಲ್ಲಿ ತರಗತಿಗಳಲ್ಲಿ ಪಾಠ ನಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, 2023-24ರ ಶಾಲಾ ವರ್ಷದಿಂದ, ಮೂಲನಿವಾಸಿಗಳ ವಿಷಯಕ್ಕೆ ಸಂಬಂಧಿಸಿದ ನಾಲ್ಕು ಕ್ರೆಡಿಟ್‌ಗಳ ಓದನ್ನು ಮುಗಿಸದೆ ಯಾವ ವಿದ್ಯಾರ್ಥಿಯೂ ಪ್ರೌಢಶಾಲೆಯಿಂದ ಪದವಿ ಪಡೆಯುವಂತಿಲ್ಲ. ಅಂಥ ನಿಯಮ ಒಂಟಾರಿಯೊದಲ್ಲಿ ಎಲ್ಲರಿಗೂ ಅನ್ವಯಿಸುವಂತೆ ಬಂದಿಲ್ಲ. ಹಾಗಾಗಿ ನಮ್ಮಲ್ಲಿ ಶಾಲೆ ತೆರೆದಿದೆ ಎಂದು ಬೀಗುವುದಕ್ಕೆ ನನಗೆ ಬಾಯಿಲ್ಲ. ನಿನ್ನ ಮಗಳು ಹದಿನೆಂಟಾಗುವಷ್ಟರಲ್ಲಿ ನನ್ನ ಮಗಳಿಗಿಂತ ಹೆಚ್ಚು ತಿಳಿದಿರಬಹುದು.

ರಜೆಯೇ ಬೇಕು ಎನ್ನುವವರ ಮಾತಿನಲ್ಲಿಯೂ ನನಗೆ ಅಲ್ಲಗಳೆಯಲಾಗದ ಸತ್ಯವೊಂದು ಕಾಣಿಸುತ್ತದೆ. ಆ ಶಾಲೆಗಳಿಂದ ಬದುಕಿ ಬಂದವರಿಗೆ, ಅವರ ಮಕ್ಕಳಿಗೆ, ಅಂದು ಶೋಕಿಸಲು ಬಿಡುವು ಬೇಕು; ದುಃಖದ ದಿನದಲ್ಲಿಯೂ ಮೇಲಧಿಕಾರಿಯ ಅಪ್ಪಣೆ ಬೇಡುವ ಸ್ಥಿತಿ ಅವರಿಗೆ ಬರಬಾರದು. ಮೂಲನಿವಾಸಿ ಮಕ್ಕಳಿಗೂ ಹಾಗೆಯೇ. ಮೂವತ್ತು ಸಹಪಾಠಿಗಳು ತಿರುಗಿ ನೋಡುತ್ತಿರುವಾಗ ತನ್ನ ಅಜ್ಜಿಯ ಕಥೆಯನ್ನು ಪಾಠವಾಗಿ ಕೇಳಿಸಿಕೊಳ್ಳುವುದು ಒಂದು ಮಗುವಿಗೆ ಎಷ್ಟು ಕಷ್ಟವಾದೀತು ಎಂಬುದನ್ನು ನಾನು ಬಹಳ ಯೋಚಿಸಿದ್ದೇನೆ. ಅಂಥ ಮಗುವಿಗೆ ಮನೆಯವರೊಂದಿಗೆ ಇರುವ ಸ್ವಾತಂತ್ರ್ಯ ಇರಲೇಬೇಕು. ಆದರೆ ಉಳಿದ ಮಕ್ಕಳು, ಅಂದರೆ ನಿನ್ನ ಮತ್ತು ನನ್ನ ಮಕ್ಕಳು, ಅಂದು ತರಗತಿಯಲ್ಲಿರಬೇಕು ಎಂಬ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ಇದರಲ್ಲಿ ನಮಗೇನು ಪಾತ್ರ, ನಾವು ನಿನ್ನೆ ಮೊನ್ನೆ ಬಂದವರು, ಆ ತಪ್ಪನ್ನು ಮಾಡಿದವರು ನಾವಲ್ಲವಲ್ಲ ಎಂದು ನೀನು ಅಂದೆ. ನಾನೂ ಎಷ್ಟೋ ವರ್ಷ ಹಾಗೆಯೇ ಅಂದುಕೊಂಡಿದ್ದೆ. 2022ರಲ್ಲಿ ಪೌರತ್ವದ ಪ್ರಮಾಣವಚನ ತೆಗೆದುಕೊಳ್ಳುವಾಗ, ಫಸ್ಟ್ ನೇಷನ್ಸ್, ಇನ್ಯೂಟ್ ಮತ್ತು ಮೇಟಿ ಜನರ ಹಕ್ಕುಗಳನ್ನೂ ಅವರೊಂದಿಗೆ ಮಾಡಿಕೊಂಡ ಒಪ್ಪಂದಗಳ ಹಕ್ಕುಗಳನ್ನೂ ಮಾನ್ಯ ಮಾಡುವ ಸಂವಿಧಾನವನ್ನು ಪಾಲಿಸುತ್ತೇನೆ ಎಂಬ ಮಾತನ್ನು ಬಲಗೈ ಎತ್ತಿ ನನ್ನ ಬಾಯಿಂದಲೇ ಹೇಳಿದೆ. ಆ ಸಾಲುಗಳನ್ನು ಪ್ರಮಾಣವಚನಕ್ಕೆ ಸೇರಿಸಿದ್ದು 2021ರಲ್ಲಿ, ಆಯೋಗದ 94ನೆಯ, ಅಂದರೆ ಕೊನೆಯ ಕರೆಯಂತೆ. ಒಪ್ಪಂದಕ್ಕೆ ಎರಡು ಪಕ್ಷಗಳಿರುತ್ತವೆ. 1818ರ ಆ ಕಾಗದದಲ್ಲಿ ಬರೆದ ಒಂದು ಪಕ್ಷದ ವಾರಸುದಾರರು ಹ್ಯಾಗರ್ಸ್‌ವಿಲ್‌ನಲ್ಲಿದ್ದರೆ ಇನ್ನೊಂದು ಪಕ್ಷದ ವಾರಸುದಾರ ಅಂದಿನಿಂದ ನಾನೂ ಆದೆ. ಆ ನೆಲದ ಮೇಲೆ ಮನೆ ಕೊಂಡು, ತೆರಿಗೆ ಕಟ್ಟಿ, ಮಕ್ಕಳನ್ನು ಓದಿಸುತ್ತಿರುವವನು ಹಳೆಯ ಕಾಗದ ನನಗೆ ಸಂಬಂಧಿಸಿದ್ದಲ್ಲ ಎನ್ನಲು ಹೇಗೆ ಬರುತ್ತದೆ? ನಿಮ್ಮ ಕಡೆಯ ಸ್ಥಿತಿ ಇನ್ನೂ ಬೇರೆ. ಬ್ರಿಟಿಷ್ ಕೊಲಂಬಿಯಾದ ಬಹುಭಾಗಕ್ಕೆ ಎಂದೂ ಯಾವ ಒಪ್ಪಂದವೂ ಆಗಲಿಲ್ಲ. ನೀವಿರುವ ಸರ್ರೆ ಕೇಟ್ಜೀ, ಕ್ವಾಂಟ್ಲೆನ್ ಮತ್ತು ಸೆಮಿಆಮೂ ಜನರ ನೆಲ ಎಂದು ನಗರಸಭೆಯೇ ಹೇಳುತ್ತದೆ.

ಈಗ ರಜೆಯ ದಿನದ ಸುತ್ತಾಟದ ವಿಷಯ. ಸುತ್ತಾಡಲು ಹೋಗಿರಿ, ಆದರೆ ಹೊರಡುವ ಮುಂಚೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮೂರು ಹೆಸರುಗಳನ್ನು ಸರಿಯಾಗಿ ಉಚ್ಚರಿಸುವುದನ್ನು ಇಬ್ಬರೂ ಕಲಿಯಿರಿ. ಆ ಜನ ತಮ್ಮ ಉಚ್ಚಾರಣೆಯನ್ನು ಹೇಗೆ ಹೇಳಿಕೊಡುತ್ತಾರೋ ಹಾಗೆಯೇ ಕಲಿಯಬೇಕು. ನಾನು ಇಲ್ಲಿ ಬರೆದಿರುವ ಕನ್ನಡದ ಅಕ್ಷರಗಳನ್ನು ನಂಬಬೇಡ. ಅವರು ಆ ದಿನ ಸಾರ್ವಜನಿಕರಿಗಾಗಿ ನಡಿಗೆಯನ್ನೋ ಸಭೆಯನ್ನೋ ಏರ್ಪಡಿಸಿದ್ದರೆ ಅಲ್ಲಿಗೆ ಹೋಗಿ ಸುಮ್ಮನೆ ಹಿಂದೆ ನಿಂತರೂ ಸಾಕು. ಕಿತ್ತಳೆ ಅಂಗಿಯನ್ನು ಕೊಳ್ಳುವುದಾದರೆ ಮೂಲನಿವಾಸಿ ಕಲಾವಿದರೇ ಚಿತ್ರ ಬರೆದದ್ದನ್ನು ಹುಡುಕು; ನಾನು ಮೊದಲ ವರ್ಷ ದೊಡ್ಡ ಅಂಗಡಿಯೊಂದರಲ್ಲಿ ಯಾವುದೋ ಒಂದನ್ನು ಎತ್ತಿಕೊಂಡು ಬಂದೆ, ಅದರ ದುಡ್ಡು ಯಾರಿಗೆ ಹೋಯಿತೆಂದು ಕೇಳಲಿಲ್ಲ.

ನಾವು ಈ ಸಲ ಬ್ರಾಂಟ್‌ಫರ್ಡ್‌ಗೆ ಹೋಗಬೇಕೆಂದಿದ್ದೇವೆ. ಇಲ್ಲಿಂದ ಸುಮಾರು ಒಂದು ಗಂಟೆಯ ದಾರಿ. ಅಲ್ಲಿಯ ಮೊಹಾಕ್ ಇನ್‌ಸ್ಟಿಟ್ಯೂಟ್ 1830ರ ದಶಕದಿಂದ 1970ರವರೆಗೆ ವಸತಿ ಶಾಲೆಯಾಗಿತ್ತು. ದಿನವೂ ತಿನ್ನಿಸುತ್ತಿದ್ದ ಗಂಜಿಯ ನೆನಪಿನಲ್ಲಿ ಮಕ್ಕಳು ಅದಕ್ಕೆ ‘ಗಂಜಿಯ ಗುಂಡಿ’ ಎಂಬರ್ಥದ ಹೆಸರಿಟ್ಟಿದ್ದರು. ಕಟ್ಟಡ ಹಾಳಾದಾಗ ಕೆಡವಬೇಕೋ ಬೇಡವೋ ಎಂಬ ಪ್ರಶ್ನೆ ಬಂದಿತ್ತು. ಸಿಕ್ಸ್ ನೇಷನ್ಸ್ ಜನರು ಕೆಡವುವುದು ಬೇಡ, ಸಾಕ್ಷ್ಯ ಉಳಿಯಲಿ ಎಂದು ತೀರ್ಮಾನಿಸಿ ಹಣ ಸಂಗ್ರಹಿಸಿ ದುರಸ್ತಿ ಮಾಡಿಸಿದರು. ಮಗಳು ಕೇಳಬೇಕಾದ ಪ್ರಶ್ನೆಗಳನ್ನು ಈಗಲೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಮೊದಲನೆಯದು, ಅಲ್ಲಿಯ ಮಕ್ಕಳಿಗೆ ಮನೆಗೆ ಕಾಗದ ಬರೆಯಲು ಬಿಡುತ್ತಿದ್ದರೇ ಎಂಬುದು. ಎರಡನೆಯದು, ಬರೆದರೆ ಯಾವ ಭಾಷೆಯಲ್ಲಿ ಎಂಬುದು. ಹೋಗಿ ಬಂದ ಮೇಲೆ ಉತ್ತರಗಳನ್ನು ನಿನ್ನ ಮಗಳಿಗೆ ತಾನೇ ಬರೆದು ತಿಳಿಸುತ್ತಾಳಂತೆ. ಅವಳ ಕಾಗದ ಬಂದಾಗ ಓದಿ ಹೇಳು.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿನ್ನ,
ಹಳೆಯ ಬೆಂಚಿನ ಗೆಳೆಯ